ಬಹಿಯ್ಯಾ ಅಮ್ಮನ ಬುಟ್ಟಿ

ಮಂಗಳವಾರ, ನವೆಂಬರ್ ೧೨, ಮನ್ಸೂರಾ

ಮೂರನೇ ಮಹಡಿಯ ಬಹಿಯ್ಯಾ ಅಮ್ಮನ ಮೂತ್ರಪರೀಕ್ಷೆಯ ವರದಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಪರೀಕ್ಷಿಸಿದ ಹನ್ನೊಂದು ಔಷಧಗಳಲ್ಲಿ ಹತ್ತು ಅದರಲ್ಲಿ ಸಿಕ್ಕ ರೋಗಾಣುವಿಗೆ ನಾಟುವುದಿಲ್ಲ. ಉಳಿದದ್ದೊಂದು ಇಂಜೆಕ್ಷನ್, ಅದೂ ಆಸ್ಪತ್ರೆಗೆ ಸೇರಿದರೆ ಮಾತ್ರ. "ಹೀಗ್ಯಾಕಾಯ್ತು ಡಾಕ್ಟ್ರಮ್ಮ?" ಎಂದು ಅವರ ಮಗ ಶೌಕತ್ ಕೇಳಿದ; ಔಷಧಿ ಅಂಗಡಿಯವಳಾದ ನಾನೂ ಈ ಬೀದಿಗೆ ಡಾಕ್ಟ್ರೇ. ಗೊತ್ತಿಲ್ಲ ಎಂದೆ.

ಗೊತ್ತಿತ್ತು. ಆರು ವರ್ಷಗಳಿಂದ ಅವರ ಬಾಲ್ಕನಿಯಿಂದ ಹಗ್ಗದ ಬುಟ್ಟಿ ನನ್ನ ಔಷಧಿ ಅಂಗಡಿಯ ಬಾಗಿಲಿಗೆ ಇಳಿಯುತ್ತಿದೆ. "ಮತ್ತೆ ಉರಿಮೂತ್ರ ಕಣೇ! ಅದೇ ಮಾತ್ರೆ ನಾಲ್ಕು ಹಾಕು. ಡಾಕ್ಟ್ರ ಹತ್ರ ಇದನ್ನೆಲ್ಲ ಹೇಳೋಕೆ ನಾಚ್ಕೆ!" ಇಡೀ ಬೀದಿಗೆ ಕೇಳುವಂತೆ ಕೂಗುವ ನಾಚಿಕೆ. ನಾನು ನಗುತ್ತಾ ಶೀಟಿನಿಂದ ನಾಲ್ಕೇ ಮಾತ್ರೆ ಕತ್ತರಿಸಿ ಹಾಕುತ್ತಿದ್ದೆ. ಎರಡು ದಿನಕ್ಕೆ ಉರಿ ನಿಲ್ಲುತ್ತಿತ್ತು. ಸಾಯದೆ ಉಳಿದ ರೋಗಾಣುಗಳು ಆ ಮದ್ದನ್ನು ಅರಗಿಸಿಕೊಳ್ಳುವುದನ್ನು ಕಲಿಯುತ್ತಿದ್ದವು. ಇದನ್ನೆಲ್ಲ ಓದಿದವಳು ನಾನು.

ಸಂಜೆ ಬುಟ್ಟಿ ಮತ್ತೆ ಇಳಿಯಿತು. ಒಳಗೆ ಎಲೆಕೋಸಿನ ಎಲೆಗಳಲ್ಲಿ ಅನ್ನ ಸುತ್ತಿದ ಬಿಸಿ ಸುರುಳಿಗಳ ತಟ್ಟೆ. ಮೇಲಿನಿಂದ ಜ್ವರದ ದನಿ: "ಸೊಸೆ ಕೈಲಿ ಮಾಡಿಸ್ದೆ, ತಿನ್ನು ಮಗಳೇ. ನಾಳೆ ಆಸ್ಪತ್ರೆಗೆ ಹೋಗ್ತೀನಿ. ಇಷ್ಟು ವರ್ಷ ನೀನೇ ಅಲ್ವಾ ನನ್ನ ಕಾಪಾಡಿದ್ದು."

ತಟ್ಟೆ ಇಲ್ಲೇ ಇದೆ, ಮುಟ್ಟಿಲ್ಲ. ನಮ್ಮಲ್ಲಿ ಯಾರೂ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಬೆಳಗ್ಗೆ ಅವರು ಹೊರಡುವ ಮೊದಲು ಇದರಲ್ಲಿ ನಾನು ಏನಿಟ್ಟು ಕಳಿಸಲಿ?