ಚೌಕ ಹಾಕಿ ಮೇಯುವ ಚಿಗರಿಗಳು

ಸಾಂಗ್ಲಿ, ಬುಧವಾರ

ಅಮಸಿದ್ದ ಕಾಕಾ, ಇಲ್ಲಿಂದಲೇ ನಿಮ್ಮ ಕಾಲಿಗೆ ಬಿದ್ದೆ ಎಂದುಕೊಳ್ಳಿ.

ನಮ್ಮ ತರಬೇತಿಯಲ್ಲಿ ಉಪಗ್ರಹದ ಚಿತ್ರ ನೋಡಿ, ಕಾಡುಪ್ರಾಣಿಗಳು ಎಲ್ಲೆಲ್ಲಿ ಹಸಿರು ಮೇಯ್ದು ಮುಗಿಸಿವೆ ಎಂದು ಗುರುತಿಸುತ್ತೇವೆ. ನಿನ್ನೆ ಪರದೆಯ ಮೇಲೆ ನಮ್ಮ ಸಲಗರೆಯ ಮಾಳದ ಹೋದ ವರ್ಷದ ಚಿತ್ರವೇ ಬಂತು! ಹೋದ ವರ್ಷ ಹುಲ್ಲೆಲ್ಲ ಚಿಗರಿಗಳೇ ತಿಂದವೆಂದು ನೀವು ಪರಿಹಾರಕ್ಕೆ ಅರ್ಜಿ ಕೊಟ್ಟಿದ್ದಿರಲ್ಲ, ಅದೇ ಜಾಗ. ಚಿಗರಿ ಮೇಯ್ದ ಕಡೆ ಹಸಿರು ತುಸು ತೆಳುವಾಗಿತ್ತು, ಅಷ್ಟೆ. ಪೂರ್ತಿ ಬೋಳಾಗಿದ್ದದ್ದು ಸಾಲಾಗಿ ಹತ್ತು ಚೌಕಗಳು, ರಾತ್ರಿ ಕುರಿ ಕೂಡಿಹಾಕಲು ನೀವು ಬಲೆ ಕಟ್ಟಿದ ಜಾಗಗಳು. ಚೌಕ ಹಾಕಿ ಮೇಯುವುದನ್ನು ಚಿಗರಿಗೆ ನೀವೇ ಕಲಿಸಿದಿರಾ ಕಾಕಾ?

ತರಬೇತಿ ಕೊಡುವ ಸಾಹೇಬರು ಅಲ್ಲಿ ಇನ್ನು ಕುರಿ ಬಿಡಬಾರದೆಂದು ಬರೆಯತೊಡಗಿದರು.  ನಾನು ತಕ್ಷಣ ಈ ವರ್ಷದ ಚಿತ್ರ ತೆರೆದು ತೋರಿಸಿದೆ. ಇಡೀ ಮಾಳದಲ್ಲಿ ಆ ಚೌಕಗಳೇ ಕಡುಹಸಿರು!

"ಇಲ್ಲಿ ಏನ್ ಗೊಬ್ಬರ ಹಾಕ್ಯಾರ?" ಎಂದು ಪೆನ್ನು ನಿಲ್ಲಿಸಿದರು.

"ಏನಿಲ್ರಿ ಸಾಹೇಬ್ರ, ನಮ್ಮ ಕಾಕಾ ಕುರಿ ಸಂಗಾಟ ಮಲಗಿದ್ರು," ಎಂದೆ. ಬರೆದದ್ದನ್ನು ಹೊಡೆದುಹಾಕಿದರು.

ಎಸಿಯ ತಂಪಿಗೆ ನೆಗಡಿಯಾಗಿದೆ. ಇತ್ತ ಬರುವ ದಿಲೀಪಣ್ಣನ ಕೈಯಲ್ಲಿ ನಿಮ್ಮ ಹಳೇ ಕಂಬಳಿ ಕಳಿಸಿರಿ. ಅರ್ಜಿ ಮಾತ್ರ ನಾಳೆಯೇ ವಾಪಸ್ ತೆಗೆದುಕೊಳ್ಳಿ. ಈಗ ಮೇಲಿನಿಂದ ನೋಡುತ್ತಿರುವವಳು ನಾನು.

ಅವಸರದಲ್ಲಿ,
ಯೋಗಿತಾ