ಮೈಲಾರಿಯ ನೂರಾ ಒಂದು ವರ್ಷದ ಒಪ್ಪಂದ

ಹುಬ್ಬಳ್ಳಿ
ಫೆಬ್ರವರಿ 30, 2121

ಶ್ರೀ ಫಕ್ಕೀರಪ್ಪ ತೋಟಗಂಟಿ ಅವರಿಗೆ,
ಕಾರ್ಯದರ್ಶಿಗಳು, ಕೆಂಪುಗೆರೆ ಫುಟ್‌ಬಾಲ್ ಕ್ಲಬ್

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ನಾನು ಕೈತಪ್ಪಿ ಬರೆದದ್ದಲ್ಲ. ನಮ್ಮ ಕಾಲದಲ್ಲಿ ಆಟಗಾರರ ಒಪ್ಪಂದಗಳನ್ನು ಸಲ್ಲಿಸಲು ಫೆಬ್ರವರಿ ಕೊನೆಯ ಗಡುವು. ಕಡತಗಳು ಮುಗಿಯದೆ ಉಳಿಯುತ್ತಿದ್ದುದರಿಂದ ಲೀಗಿನವರು ಸರ್ಕಾರಕ್ಕೆ ಹೇಳಿ ಆ ತಿಂಗಳಿಗೆ ಎರಡು ದಿನ ಸೇರಿಸಿಕೊಂಡರು. ನಾನು ಚಿಕ್ಕವಳಿದ್ದಾಗ ಇದು ಪತ್ರಿಕೆಯಲ್ಲಿ ಸಣ್ಣ ಸುದ್ದಿಯಾಗಿ ಬಂದಿತ್ತು. ಯಾರೂ ಎದ್ದು ಕೇಳಲಿಲ್ಲ. ನನ್ನ ಬರಹದಲ್ಲಿ ನಿಮಗೆ ತಿಳಿಯದ ಮಾತುಗಳು ಬರುತ್ತವೆ, ಕ್ಷಮಿಸಬೇಕು. ಬಂದಲ್ಲಿಯೇ ಬಿಡಿಸಿ ಹೇಳುತ್ತೇನೆ.

ಈ ಪತ್ರ ನಿಮಗೆ ಹಿಂದಂಚೆಯಲ್ಲಿ ಬರುತ್ತದೆ. ಹಿಂದಿನ ಕಾಲಕ್ಕೆ ಕಾಗದ ಕಳಿಸುವ ಅಂಚೆ ಅದು. ಒಬ್ಬೊಬ್ಬ ನಾಗರಿಕರಿಗೂ ಬದುಕಿನಲ್ಲಿ ಒಂದೇ ಪತ್ರ. ಹೆಚ್ಚಿನವರು ಸತ್ತ ತಾಯಿಗೆ ಬರೆಯುತ್ತಾರೆ. ಪತ್ರಗಳು ಮುಟ್ಟುತ್ತವೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮುಟ್ಟಿದ್ದರೆ ನಾವು ಹೀಗಿರುತ್ತಿದ್ದೆವೇ ಎಂದು ಅಂಚೆಯವರೇ ನಗುತ್ತಾರೆ. ನನ್ನ ಒಂದು ಪತ್ರವನ್ನು ನಾನು ನಿಮಗೆ ಬರೆಯುತ್ತಿದ್ದೇನೆ. ನಾನು ಇರಾವತಿ ಹರ್ಲಾಪುರ, ವಯಸ್ಸು ಅರವತ್ತೊಂಬತ್ತು, ಮೂವತ್ತೈದು ವರ್ಷ ಊರ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ನಿಮ್ಮ ತಂಡದಲ್ಲಿ ಮುಂದಿನ ಸಾಲಿನಲ್ಲಿ ಆಡುವ ಮೈಲಾರಿ ಹರ್ಲಾಪುರ ಇದ್ದಾರಲ್ಲ, ಅವರು ನನ್ನ ಅಜ್ಜ. ನಿಮಗೆ ಅವರು ಇಪ್ಪತ್ತಾರರ ಹುಡುಗ.

2027ರ ಮಾರ್ಚ್ ಹನ್ನೆರಡರ ಸಂಜೆ ಮೈದಾನದ ಪಕ್ಕದ ತಗಡಿನ ಆಫೀಸಿನಲ್ಲಿ ನೀವು, ಖಜಾಂಚಿ ಹನುಮರಡ್ಡಿಯವರು ಮತ್ತು ನನ್ನ ಅಜ್ಜ ಮಿರ್ಚಿ ಭಜಿ ತಿನ್ನುತ್ತ ಕೂತಿರುತ್ತೀರಿ. ಪತ್ರ ಅದೇ ದಿನ ಬೆಳಿಗ್ಗೆ ನಿಮ್ಮ ಕೈ ಸೇರಲಿ ಎಂದು ಕೇಳಿಕೊಂಡಿದ್ದೇನೆ. ಆ ಸಂಜೆಯ ಕಥೆಯನ್ನು ಅಜ್ಜ ನನಗೆ ನೂರು ಸಲ ಹೇಳಿದ್ದಾರೆ. ನಮ್ಮ ಮನೆಯಲ್ಲಿ ಅದು ನಗುವ ಕಥೆ.

ತಂಡವೊಂದು ಒಂದು ವರ್ಷದಲ್ಲಿ ಆಟಗಾರರಿಗೆ ಇಷ್ಟೇ ಖರ್ಚು ಮಾಡಬೇಕು ಎಂದು ಲೀಗ್ ಮಿತಿ ಹಾಕಿತ್ತು. ಸಿರಿವಂತ ಕ್ಲಬ್ಬುಗಳು ಒಳ್ಳೆಯವರನ್ನೆಲ್ಲ ಬಾಚಿಕೊಳ್ಳಬಾರದು ಎಂಬ ನ್ಯಾಯವಾದ ನಿಯಮ. ನೀವು ಅದನ್ನು ರೂಪಾಯಿಯಲ್ಲಿ ಎಣಿಸುತ್ತೀರಿ. ನಾವು ಭಾರ ಎನ್ನುತ್ತೇವೆ: ಒಂದು ತಂಡಕ್ಕೆ ವರ್ಷಕ್ಕೆ ನೂರು ಭಾರ, ಅದರ ಮೇಲೆ ಒಂದು ಗುಂಜಿಯೂ ಇಲ್ಲ. ಸಹಿ ಮಾಡಿದ ದಿನ ಆಟಗಾರನ ಕೈಗೆ ಕೊಟ್ಟ ಮೊತ್ತವನ್ನು ಒಪ್ಪಂದದ ವರ್ಷಗಳಿಗೆ ಸಮನಾಗಿ ಹಂಚಿ, ಒಂದೊಂದು ವರ್ಷದ ಪಾಲನ್ನು ಆಯಾ ವರ್ಷದ ಲೆಕ್ಕಕ್ಕೆ ಹಿಡಿಯುತ್ತಾರೆ. ನನ್ನ ಅಜ್ಜನಿಗೆ ಗೋವೆಯ ತಂಡ ಕೊಡುತ್ತೇನೆಂದದ್ದು ನಲವತ್ತು ಭಾರ; ಉಳಿಸಿಕೊಳ್ಳಲು ನೀವೂ ಅಷ್ಟು ಕೊಡಬೇಕಿತ್ತು. ನಿಮ್ಮ ತಂಡದಲ್ಲಿ ಆ ವರ್ಷಕ್ಕೆ ಖಾಲಿ ಉಳಿದದ್ದು ಒಂದು.

ಹನುಮರಡ್ಡಿಯವರು ಅಂದರಂತೆ: "ನಾಲ್ಕು ವರ್ಷಕ್ಕ ಹಂಚಿದ್ರ ವರ್ಷಕ್ಕ ಹತ್ತು ಬೀಳತೈತಿ. ನಮ್ಮ ಹಂತ್ಯಾಕ ಇರೂದು ಒಂದು. ಹರ್ಲಾಪುರ, ನೀ ಗೋವಾಕ್ಕ ಹೋಗಿಬಿಡಪಾ. ಮೀನಾರ ಸಿಗತಾವು."

"ಮೀನು ನನಗ ಆಗಿಬರೂದಿಲ್ರಿ," ಅಂದರಂತೆ ಅಜ್ಜ.

ತೋಟಗಂಟಿಯವರೇ, ನೀವು ಕಾರ್ಯದರ್ಶಿಯಾಗುವ ಮೊದಲು ಮೂವತ್ತು ವರ್ಷ ನೋಂದಣಿ ಕಚೇರಿಯ ಮುಂದೆ ಕೂತು ಖರೀದಿ ಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ ಬರೆದವರು. ಮುಯ್ಯಿ ಹಾಕುವಾಗ ನೂರಕ್ಕೆ ಒಂದು ಸೇರಿಸಿ ಕೊಡುವ ಹಾಗೆ, ಆಟಗಾರರ ಒಪ್ಪಂದಕ್ಕೂ ನೀವು ಒಂದು ವರ್ಷ ಮೇಲೆ ಹಾಕುತ್ತಿದ್ದಿರಿ. ಸಮಸಂಖ್ಯೆಯಲ್ಲಿ ನಿಂತರೆ ಸಂಬಂಧ ಮುಗಿದಂತೆ ಎಂಬುದು ನಿಮ್ಮ ನಂಬಿಕೆ. ಆ ಮೇಲಿನ ವರ್ಷದಲ್ಲಿ ಯಾರೂ ಆಡುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಆ ಸಂಜೆ ನೀವು ಭಜಿಯ ಎಣ್ಣೆಯನ್ನು ಕಾಗದಕ್ಕೆ ಒರೆಸಿ ಹೇಳಿದಿರಂತೆ:

"ನಾಲ್ಕಕ್ಕ ಒಂದು ಹಾಕಿದ್ರ ಯಾರೂ ಬ್ಯಾಡ ಅನ್ನೂದಿಲ್ಲ. ನೂರಕ್ಕ ಒಂದು ಹಾಕಿದ್ರ ಯಾರ್ ಬ್ಯಾಡ ಅಂತಾರ? ಎಷ್ಟು ವರ್ಷ ಅಂತ ನಿಯಮದಾಗ ಬರದಿಲ್ಲ ನೋಡ್ರಿ."

"ನೂರಾ ಒಂದು ವರ್ಷ ಆಡಾಕ ಇವನೇನು ಆಮಿ ಏನ್ರಿ?" ಅಂದರಂತೆ ಹನುಮರಡ್ಡಿಯವರು.

"ಬರೀರಿ ಸಾಹೇಬ್ರ," ಅಂದರಂತೆ ನನ್ನ ಅಜ್ಜ. "ನನ್ನ ಕಾಲು ಬಿದ್ದಮ್ಯಾಲ ಮಗಾ ಆಡತಾನ. ಅವನ ಕಾಲು ಬಿದ್ದಮ್ಯಾಲ ಮೊಮ್ಮಗಾ. ನಮ್ಮ ಮನಿಯಾಗ ಕಾಲಿಗೇನು ಬರ ಇಲ್ಲ."

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಗುತ್ತಲೇ ನೀವು ಬರೆದಿರಿ. ನಲವತ್ತನ್ನು ನೂರಾ ಒಂದಕ್ಕೆ ಹಂಚಿದರೆ ವರ್ಷಕ್ಕೆ ಅರ್ಧ ಭಾರವೂ ಇಲ್ಲ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ನಿಮ್ಮ ಕೈಗೆ ಮೂವತ್ತು ವರ್ಷದ ರೂಢಿ. ಹೊಲಮನೆಯ ಪತ್ರದ ಕೊನೆಯಲ್ಲಿ ಬರೆಯುವ ಮಾತು ತಾನಾಗಿ ಇಳಿಯಿತು. "ಸದರಿ ಒಪ್ಪಂದವು ಪುತ್ರ ಪೌತ್ರ ಪಾರಂಪರ್ಯವಾಗಿ ವಾರಸುದಾರರಿಗೂ ಬದ್ಧವಾಗಿರತಕ್ಕದ್ದು." ನಾನು ಆ ಕಾಗದವನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಿದ್ದೇನೆ. ಅಕ್ಷರ ಬಹಳ ಚೆಂದ.

ಆ ವರ್ಷ ಕಪ್ ಬಂತು. ಅಜ್ಜ ಹತ್ತೊಂಬತ್ತು ಗೋಲು ಹೊಡೆದರು. ಊರು ಎಷ್ಟು ಕುಣಿಯಿತು ಎಂದು ನನಗೆ ಹೇಳಬೇಕಾಗಿಲ್ಲ, ನೀವೇ ನೋಡುತ್ತೀರಿ. ಮರುವರ್ಷ ಎಲ್ಲ ಕ್ಲಬ್ಬುಗಳೂ ನಿಮ್ಮ ಒಪ್ಪಂದದ ಪ್ರತಿ ತರಿಸಿಕೊಂಡವು, ಆ ಕೊನೆಯ ಸಾಲೂ ಸೇರಿದಂತೆ. ಹಳೆಯ ಶಾಸನಗಳಲ್ಲಿ ದತ್ತಿ ಬಿಟ್ಟವರು ಸೂರ್ಯಚಂದ್ರರು ಇರುವವರೆಗೆ ಎಂದು ಕೆತ್ತಿಸುತ್ತಿದ್ದರು. ಅಳಿಸಿದವರಿಗೆ ಶಾಪ ಹಾಕಿಸುತ್ತಿದ್ದರು. ಅವರು ಕೆತ್ತಿಸಿದ್ದು ಕೊಟ್ಟದ್ದರ ಮೇಲೆ. ನಿಮ್ಮ ಕಾಲದವರು ತಾವು ತಿಂದದ್ದರ ಮೇಲೆ ಅದೇ ಮಾತು ಬರೆದರು. ನನಗೆ ಸಿಟ್ಟು ಬರುವುದು ಇಲ್ಲಿ.

ಇನ್ನು ನಮ್ಮ ದಿನಗಳ ಬಗ್ಗೆ. ಇವತ್ತು ಕೆಂಪುಗೆರೆ ತಂಡದ ನೂರು ಭಾರದಲ್ಲಿ ಎಪ್ಪತ್ತೊಂದು ಸತ್ತವರದ್ದು. ಒಂದೊಂದು ಅರ್ಧ ಭಾರವೂ ಇಲ್ಲದ ನೂರಾ ಎಂಬತ್ತು ಹೆಸರು. ಉಳಿದ ಇಪ್ಪತ್ತೊಂಬತ್ತರಲ್ಲಿ ಬದುಕಿರುವ ಎಂಟು ಜನರನ್ನು ಇಟ್ಟುಕೊಳ್ಳಬಹುದು. ಪಂದ್ಯದ ದಿನ ಮೊದಲು ಹೆಸರು ಕೂಗುತ್ತಾರೆ. ನಾವಿದನ್ನು ಹಾಜರಿ ಎನ್ನುತ್ತೇವೆ. ಜನ ಎದ್ದು ನಿಲ್ಲಬೇಕು. ಒಂದೊಂದು ಹೆಸರಿಗೂ ಎಲ್ಲರೂ "ಇದ್ದಾರ" ಎನ್ನಬೇಕು. ನಲವತ್ತು ನಿಮಿಷ ಹಿಡಿಯುತ್ತದೆ. ಗಿರ್ಮಿಟ್ ಮಾರುವವರು ಕೈಯಲ್ಲಿ ಪೊಟ್ಟಣ ಹಿಡಿದು, ಕೊನೆಯ ಹೆಸರು ಮುಗಿಯುವವರೆಗೆ ಅಲುಗದೆ ನಿಂತಿರುತ್ತಾರೆ. ಆಮೇಲೆ ಎಂಟು ಜನ ಓಡಿಬರುತ್ತಾರೆ. ಇಷ್ಟು ದೊಡ್ಡ ಮೈದಾನದಲ್ಲಿ ಎಂಟು ಜನ ಎಷ್ಟು ಕಡಿಮೆ ಕಾಣುತ್ತಾರೆ ಎಂಬುದು ನಮ್ಮ ಮಕ್ಕಳಿಗೆ ತಿಳಿಯುವುದಿಲ್ಲ. ಹನ್ನೊಂದನ್ನು ಅವರು ನೋಡಿಯೇ ಇಲ್ಲ.

ಇದು ಆಟದ ಮಟ್ಟಿಗೆ ನಿಂತಿದ್ದರೆ ನಾನು ನನ್ನ ತಾಯಿಗೇ ಪತ್ರ ಬರೆಯುತ್ತಿದ್ದೆ. ಆಸ್ಪತ್ರೆಗಳು ನಿಮ್ಮ ಒಪ್ಪಂದವನ್ನು ತೆಗೆದುಕೊಂಡವು, ಆಮೇಲೆ ಬಸ್ಸಿನವರು, ನೀರು ಬಿಡುವವರು, ಶಾಲೆಗಳು. ಎಲ್ಲದಕ್ಕೂ ಮಿತಿ, ಎಲ್ಲರಿಗೂ ದೀರ್ಘ ಒಪ್ಪಂದ. ಹೋದ ವರ್ಷ ನನಗೆ ನ್ಯುಮೋನಿಯಾ ಆಗಿ ವಾರ್ಡಿನಲ್ಲಿದ್ದೆ. ಬೆಳಗಿನ ಹಾಜರಿಯಲ್ಲಿ ಹದಿನಾಲ್ಕು ನರ್ಸುಗಳ ಹೆಸರು ಕೂಗಿದರು. ಬಂದವರು ಮೂವರು. ನಾನೂ ಹಾಸಿಗೆಯಿಂದ "ಇದ್ದಾರ" ಎಂದೆ. ಅನ್ನದಿದ್ದರೆ ಔಷಧ ತಡವಾಗುತ್ತದೆ.

ಹದಿನೈದು ವರ್ಷದ ಹಿಂದೆ ಕೆಲವರು ನ್ಯಾಯಪೀಠಕ್ಕೆ ಹೋದೆವು. ಯಾರೂ ಆಡದ ವರ್ಷವನ್ನು ಒಪ್ಪಂದದಲ್ಲಿ ತೋರಿಸುವುದು ಮೋಸ ಎಂದು ವಾದಿಸಿದೆವು. ನಾವು ಗೆದ್ದೆವು. ನ್ಯಾಯಪೀಠ ಒಪ್ಪಿಕೊಂಡಿತು: ಹೌದು, ಕಾಗದದ ಮೇಲಿನ ವರ್ಷಗಳು ಮೋಸ, ಆದ್ದರಿಂದ ಪ್ರತಿ ಒಪ್ಪಂದದ ಕೊನೆಯ ಏಳು ವರ್ಷವನ್ನಾದರೂ ನಿಜವಾಗಿ ಆಡಲೇಬೇಕು. ಆಡುವವರು ಯಾರು ಎಂದು ಕೇಳಿದಾಗ ನಿಮ್ಮ ಕೊನೆಯ ಸಾಲನ್ನು ಓದಿದರು. ಇದಕ್ಕೆ ವಾರಸು ಕರೆ ಎಂದು ಹೆಸರು. ಮಗನಾಗಲಿ ಮಗಳಾಗಲಿ, ಮನೆತನದಲ್ಲಿ ಹದಿನೆಂಟು ದಾಟಿದ ಅತಿ ಕಿರಿಯರು ಬರಬೇಕು; ಅವರ ಭಾರ ಮೊದಲೇ ಲೆಕ್ಕದಲ್ಲಿ ಇರುವುದರಿಂದ ಹೊಸ ಸಂಬಳ ಇಲ್ಲ. ನಮ್ಮ ಓಣಿಯ ಈರಣ್ಣ ಮಾಸ್ತರರ ಮನೆತನದ್ದು ಐವತ್ತೊಂದು ವರ್ಷದ ಒಪ್ಪಂದ. ಮೂವತ್ತನಾಲ್ಕರ ಅವರೇ ಅಲ್ಲಿ ಕಿರಿಯರು. ಗಣಿತ ಕಲಿಸುವ ಮನುಷ್ಯ. ಆಡುವುದೇ ಕೆಲಸವಾದ ಇಪ್ಪತ್ತೆರಡರ ಹುಡುಗರ ನಡುವೆ ಓಡಬೇಕಾಯಿತು. ಮೂರನೆಯ ಪಂದ್ಯದಲ್ಲಿ ಎದೆಗೆ ಮೊಣಕಾಲು ತಗುಲಿ ಬಿದ್ದವರು ಏಳಲಿಲ್ಲ. ಮುಂದಿನ ಪಂದ್ಯದ ಹಾಜರಿಯಲ್ಲಿ ಅವರ ಹೆಸರು ಇತ್ತು. ನಾವು "ಇದ್ದಾರ" ಎಂದೆವು.

ನನ್ನ ಅಜ್ಜನ ಒಪ್ಪಂದ ಮುಗಿಯುವುದು 2127ಕ್ಕೆ. ಕೊನೆಯ ಏಳು ವರ್ಷ ಈ ಋತುವಿನಿಂದ ಶುರು. ಕರೆ ಬಂದದ್ದು ನನ್ನ ಮೊಮ್ಮಗಳು ಶಾಂಭವಿಗೆ. ಇಪ್ಪತ್ತು ವರ್ಷ. ಕಾರವಾರದ ಹಡಗು ಕಟ್ಟುವ ಶಾಲೆಯಲ್ಲಿ ಸೀಟು ಸಿಕ್ಕಿದೆ. ಹುಟ್ಟಿದಾಗಿನಿಂದ ಎಡಗಣ್ಣು ಮಂಜು. ಆ ಕಡೆಯಿಂದ ಸೈಕಲ್ ಬಂದರೂ ಅವಳಿಗೆ ಕಾಣುವುದಿಲ್ಲ. ಇದನ್ನು ಬರೆದು ಕೊಟ್ಟೆವು. ಬಲಗಣ್ಣು ಸರಿಯಿದೆ ಎಂದು ಉತ್ತರ ಬಂತು.

ನಾನು ಅಳುತ್ತ ಕೂತಿದ್ದಾಗ ಅವಳೇ ಬಂದು ಪಕ್ಕದಲ್ಲಿ ಕೂತಳು. "ಆಯಿ, ನಾ ಆಡತೇನಿ," ಅಂದಳು. "ಏಳು ವರ್ಷ ಅಲ್ಲಾ? ಇಪ್ಪತ್ತೇಳಕ್ಕ ಮುಗೀತೈತಿ. ಮೈಲಾರಜ್ಜನ ಹೆಸರೂ ಪಟ್ಟಿಯಿಂದ ಹೋಗತೈತಿ. ನಮ್ಮ ಮನಿಯಾಗ ಇದು ನನ್ನಮ್ಯಾಲ ನಿಲ್ಲಲಿ."

"ಕಣ್ಣು ಕಾಣದವಳು ಏನ್ ಆಡತೀ?" ಅಂದೆ.

"ಬಲಗಡೆ ಆಡತೇನಿ," ಅಂದು ನಕ್ಕಳು.

ನಿನ್ನೆ ಬೆಳಿಗ್ಗೆ ನಾನು ಒಬ್ಬಳೇ ಭಾರದ ಲೆಕ್ಕ ನೋಡುವ ಮಿತಿ ಕಚೇರಿಗೆ ಹೋದೆ. ಜಗಳ ಆಡಬೇಕು ಎಂದೇ ಹೋದದ್ದು. ಅಲ್ಲಿನವರೆದುರು ಹೇಳಲು ನಲವತ್ತು ವರ್ಷದಿಂದ ಕೂಡಿಟ್ಟ ಮಾತು ನನ್ನಲ್ಲಿ ಇತ್ತು. ಅಲ್ಲಿದ್ದ ಅಧಿಕಾರಿ ಮೂವತ್ತು ದಾಟದ ಹೆಣ್ಣುಮಗಳು. ಕುರ್ಚಿ ಹಾಕಿದಳು, ನೀರು ಕೊಟ್ಟಳು. ನಾನು ಹೇಳುವುದನ್ನೆಲ್ಲ ಹೇಳಲು ಬಿಟ್ಟಳು. ಆಮೇಲೆ ಅಂದಳು: "ಅವ್ವಾರ, ನಿಮ್ಮ ಸಿಟ್ಟು ಖರೇನ ಐತಿ. ಆದ್ರ ಹುಡುಗಿನ್ನ ಉಳಿಸೂದು ನಿಮ್ಮ ಕೈಯಾಗ ಐತಿ. ಉಳಿದ ಏಳು ವರ್ಷದ ಭಾರ ಹೊಸ ಒಪ್ಪಂದಕ್ಕ ಹಾಕೂಣು. ನೂರಾ ಒಂದು ವರ್ಷ. ಈಗಿನ ಕರೆ ರದ್ದಾಗತೈತಿ. ಮನಿ ಹಿರಿಯಾರ ಸಹಿ ಒಂದು ಇದ್ರ ಸಾಕು."

"ಮುಂದ ಯಾರು ಆಡಬೇಕು?" ಎಂದು ಕೇಳಿದೆ.

"ಕರೆ ಬರೂದು ಎರಡು ಸಾವಿರದ ಎರಡುನೂರಾ ಹದಿನೈದಕ್ಕ. ಅಷ್ಟರಾಗ ಏನಾರ ಒಂದು ನಿಯಮಾ ಬದಲಾಗಿರತೈತಿ ಬಿಡ್ರಿ. ಎಲ್ಲಾರೂ ಹಿಂಗ ಮಾಡತಾರ."

ವಾರಸುದಾರರ ಹೆಸರು ಎಂಬ ಕಡೆ ಏನು ಬರೆಯಲಿ ಎಂದೆ. ಖಾಲಿ ಬಿಡಿ ಎಂದಳು.

ನಾನು ಸಹಿ ಮಾಡಿದೆ, ತೋಟಗಂಟಿಯವರೇ. ನ್ಯಾಯಪೀಠದ ಮೆಟ್ಟಿಲು ಹತ್ತಿದವಳು, ಇಲ್ಲಿ ನಿಮ್ಮನ್ನು ಮೂರು ಪುಟ ಬೈದವಳು, ಸಹಿ ಮಾಡಿದೆ. ಹೊರಗೆ ಬಂದಾಗ ನನಗೆ ಸಂತೋಷವೇ ಆಗಿತ್ತು. ದಾರಿಯಲ್ಲಿ ಪೇಡೆ ಕೊಂಡೆ.

ಶಾಂಭವಿ ಕಾಗದವನ್ನು ಬಲಗಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದಳು. ಸಿಟ್ಟು ಮಾಡಲಿಲ್ಲ. ಖಾಲಿ ಬಿಟ್ಟ ಜಾಗದ ಮೇಲೆ ಬೆರಳಿಟ್ಟು, "ಈ ಕೂಸಿಗೆ ಏನ್ ಹೆಸರಿಡೂಣು, ಆಯಿ?" ಎಂದು ಕೇಳಿದಳು. ಅವಳು ಎದ್ದು ಹೋಗಿ ಕಾರವಾರಕ್ಕೆ ಒಯ್ಯುವ ಬಟ್ಟೆಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿಟ್ಟಳು. ನಿನ್ನೆಯಿಂದ ನನ್ನ ಹತ್ತಿರ ಮಾತಾಡಿಲ್ಲ. ಇವತ್ತು ಬೆಳಿಗ್ಗೆ ಮೈದಾನಕ್ಕೆ ಹೋಗಿ, ಒಪ್ಪಂದ ಏನೇ ಇರಲಿ ತಾನು ಆಡುತ್ತೇನೆ ಎಂದು ಹೇಳಿದಳಂತೆ. ಅವಳ ಹೆಸರು ಈಗ ಪಟ್ಟಿಯಲ್ಲಿಲ್ಲ, ಆಡುವಂತಿಲ್ಲ ಎಂದು ಅಲ್ಲಿನವರು ವಾಪಸ್ ಕಳಿಸಿದ್ದಾರೆ.

ಸಲ್ಲಿಸಿದ ಒಪ್ಪಂದವನ್ನು ಹಿಂದಕ್ಕೆ ಪಡೆಯುವ ಅವಕಾಶ ನಮ್ಮಲ್ಲಿ ಇಲ್ಲ. ನಾನು ವಿಚಾರಿಸಿದೆ. ಉಳಿದದ್ದು ನಿಮ್ಮೊಬ್ಬರ ಕೈ. ಹನುಮರಡ್ಡಿಯವರು ನಗಿಸುತ್ತಾರೆ, ನನ್ನ ಅಜ್ಜ ಇನ್ನೂ ಹೆಚ್ಚು ನಗಿಸುತ್ತಾರೆ. ನಗಿರಿ, ಭಜಿ ತಿನ್ನಿರಿ, ನಾಲ್ಕು ವರ್ಷಕ್ಕೆ ಜಾಗವಿಲ್ಲ ಎಂದು ಹೇಳಿ ಅಜ್ಜನನ್ನು ಗೋವೆಯ ಬಸ್ಸು ಹತ್ತಿಸಿರಿ. ಕಪ್ ಬರುವುದಿಲ್ಲ. ಅಜ್ಜ ಬೇರೆ ಊರಿನಲ್ಲಿ ಬೇರೆ ಹುಡುಗಿಯನ್ನು ಮದುವೆಯಾಗಬಹುದು; ಹಾಗಾದರೆ ನಾನೂ ಇರುವುದಿಲ್ಲ, ಶಾಂಭವಿಯೂ ಇರುವುದಿಲ್ಲ. ಅದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಅವಳನ್ನು ಕೇಳಬೇಕಿತ್ತು. ನಿನ್ನೆಯೂ ಕೇಳಲಿಲ್ಲ, ಇವತ್ತೂ ಅವಳು ಬಾಗಿಲು ತೆರೆಯುತ್ತಿಲ್ಲ.

ಇರಾವತಿ ಹರ್ಲಾಪುರ