ಹುಡುಕುತಾಣಗಳಲ್ಲಿ ನಮ್ಮ ಏಲಕ್ಕಿ ಹಾರ

ಹಾವೇರಿ,
೧೪ ಡಿಸೆಂಬರ್ ೨೦೦೬

ಪ್ರೀತಿಯ ವಿಜಯಮಹಾಂತೇಶಾ,

ಆಶೀರ್ವಾದಗಳು. ಜೋಧಪುರದ ದಂಡಿನಲ್ಲಿ ಈಗ ಚಳಿ ಹೆಚ್ಚಿರಬೇಕು. ಮೊಣಕಾಲಿನ ನೋವು ಹೇಗಿದೆ? ವೈದ್ಯರು ಕೊಟ್ಟ ಪಟ್ಟಿಯನ್ನು ಕವಾಯತಿನ ಹೊತ್ತಿನಲ್ಲಾದರೂ ಕಟ್ಟಿಕೊ. ನಿನ್ನ ತಾಯಿ ಆರೋಗ್ಯವಾಗಿದ್ದಾಳೆ. ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಸೂಜಿಗೆ ರೇಷ್ಮೆ ದಾರ ಪೋಣಿಸಲು ಯಾರನ್ನೂ ಕರೆಯುವುದಿಲ್ಲ. ನನ್ನನ್ನಂತೂ ಮೊದಲಿನಿಂದಲೂ ಕರೆದವಳಲ್ಲ. ನಾನು ಪೋಣಿಸಿದ ಏಲಕ್ಕಿಗಳು ಒಂದೊಂದು ದಿಕ್ಕಿಗೆ ಮೂತಿ ತಿರುಗಿಸುತ್ತವಂತೆ.

ಇನ್ನು ನಿನ್ನ ಕಳೆದ ಪತ್ರದ ವಿಷಯ. ಅಂತರ್ಜಾಲದಲ್ಲಿ ನಮ್ಮ ಏಲಕ್ಕಿ ಹಾರದ ಪುಟ ತೆರೆದು ವರ್ಷವಾಯಿತು, ಒಬ್ಬರೂ ಕೇಳಲಿಲ್ಲ, ಸಂಕ್ರಾಂತಿಯ ಹೊತ್ತಿಗೆ ಅಂಗಡಿ ಮುಚ್ಚಿ ಶ್ವೇತಾ ತನ್ನ ತವರೂರು ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ ಹಿಡಿಯಲಿ ಎಂದು ಬರೆದಿದ್ದೀಯೆ. ನಿನ್ನ ಪತ್ನಿ ಅದನ್ನು ಓದಿ, ಮಡಿಚಿ ನನ್ನ ಕೈಗೆ ಕೊಟ್ಟು, "ಸಂಕ್ರಾಂತಿ ಇನ್ನೂ ದೂರ ಐತ್ರಿ ಮಾವಾರ" ಎಂದಷ್ಟೇ ಹೇಳಿ ಬಸ್ ನಿಲ್ದಾಣದ ಸೈಬರ್ ಕೇಂದ್ರಕ್ಕೆ ಹೋದಳು. ಮರುದಿನ ನನ್ನನ್ನೂ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿದಳು.

ಅಲ್ಲಿ ಅವಳು ಎರಡು ಹುಡುಕುತಾಣಗಳಿಗೆ ಏಲಕ್ಕಿ ಹಾರ ಎಂಬ ಒಂದೇ ಪ್ರಶ್ನೆ ಕೇಳಿದಳು. ಉತ್ತರಗಳು ಬೇರೆ ಬೇರೆ. ಒಂದು ಹೂವಿನ ಹಾರ ಮಾರುವವರನ್ನೆಲ್ಲ ಸಾಲಾಗಿ ನಿಲ್ಲಿಸಿತು. ಇನ್ನೊಂದು ಏಲಕ್ಕಿಯನ್ನು ಚೀಲಗಟ್ಟಲೆ ಮಾರುವವರನ್ನು. ಮೊದಲ ಪುಟಗಳಲ್ಲಿ ಹಾವೇರಿಯ ಹೆಸರು ಎಲ್ಲಿಯೂ ಇಲ್ಲ. ನನಗೆ ಇದು ಶುದ್ಧ ಅಜ್ಞಾನವೆಂದು ತೋರಿತು. ಶ್ವೇತಾ ಹಾಗೆನ್ನಲಿಲ್ಲ. ವಾರಗಟ್ಟಲೆ ಪದ ಬದಲಿಸಿ ಕೇಳಿ ಎರಡರ ಸ್ವಭಾವವನ್ನೂ ಅರಿತಳು. ಮೊದಲನೆಯದು ಅರ್ಥವನ್ನು ಊಹಿಸುತ್ತದೆ. ಅಷ್ಟೇ ಅಲ್ಲ, ಈ ಪುಟದತ್ತ ಬೇರೆ ಯಾವ ಪುಟಗಳು ಬೆರಳು ತೋರಿಸುತ್ತವೆ ಎಂದೂ ನೋಡುತ್ತದೆ, ಕನ್ಯೆ ನೋಡಲು ಬಂದವರು ಮೊದಲು ಓಣಿಯಲ್ಲಿ ವಿಚಾರಿಸುವಂತೆ. ಎರಡನೆಯದು ಅಕ್ಷರಕ್ಕೆ ಅಕ್ಷರ ಹೊಂದಿಸುವ ಪರೀಕ್ಷಕ; ಕೇಳಿದ ಪದ ಪುಟದಲ್ಲಿ ಹೆಚ್ಚು ಸಲ ಇದ್ದಷ್ಟೂ ಮೇಲಿನ ಸ್ಥಾನ, ಇಲ್ಲದಿದ್ದರೆ ಇಲ್ಲ.

ನಮ್ಮ ಪುಟದಲ್ಲಿ ಆ ಪದ ಒಂದೇ ಸಲ ಇತ್ತು. ಕಾರಣ ನಿನಗೆ ಹೇಳಬೇಕಾಗಿಲ್ಲ, ಏಳನೆಯ ತರಗತಿಯಲ್ಲಿ ನನ್ನ ಕೆಂಪು ಗೆರೆ ಕಂಡವನು ನೀನು. ಪ್ರಬಂಧದಲ್ಲಿ ಪದ ಮರುಕಳಿಸಬಾರದು. ನಾನು ಬರೆದುಕೊಟ್ಟ ಒಕ್ಕಣೆಯಲ್ಲಿ ಏಲಕ್ಕಿ ಹಾರವು ಮುಂದೆ ಗೌರವಮಾಲಿಕೆಯಾಗಿ, ಆಮೇಲೆ ಪರಿಮಳದ ಮಾಲೆಯಾಗಿ ಬೆಳೆದಿತ್ತು. ಶ್ವೇತಾ ಅದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದ್ದಳು. ಈಗ ಎಲ್ಲವನ್ನೂ ತಿದ್ದಿ ಸಾಲುಸಾಲಿಗೆ ಏಲಕ್ಕಿ ಹಾರ ಎಂದೇ ಬರೆದಳು. "ಹಾಳು ಮಾಡಿದಿ" ಎಂದೆ. ಅಡುಗೆಮನೆಯಿಂದ ನಿನ್ನ ತಾಯಿ, "ಮೂವತ್ತು ವರ್ಷ ನೀವು ಗೆರಿ ಎಳದ್ರಿ, ಈಗ ಆಕಿ ಎಳೀಲಿ ಬಿಡ್ರಿ" ಎಂದಳು. ಶ್ವೇತಾ ನಕ್ಕು, ನನ್ನ ಮುಖ ನೋಡಿ, ಪರಿಮಳದ ಮಾಲೆಯನ್ನು ಮಾತ್ರ ಕೊನೆಯ ಸಾಲಿನಲ್ಲಿ ಉಳಿಸಿದಳು.

ಬಳಿಕ ಬ್ಯಾಡಗಿಗೆ ಹೋಗಿ, ನನ್ನ ಹಳೆಯ ವಿದ್ಯಾರ್ಥಿ, ಮೆಣಸಿನಕಾಯಿ ವ್ಯಾಪಾರಿ ಪರಮೇಶಪ್ಪನಿಂದ ಅವನ ಪುಟದಲ್ಲಿ ನಮ್ಮ ಹಾರದ ಪ್ರಸ್ತಾಪ ಮಾಡಿಸಿದಳು. ರಾಣೆಬೆನ್ನೂರಿನ ಬೀಜದ ಕಂಪನಿಯಿಂದಲೂ, ಅವಳು ಕೆಲಸಕ್ಕೆ ಸೇರಲಿ ಎಂದು ನೀನು ಬರೆದ ಅದೇ ಕಂಪನಿಯಿಂದ, ಮಾಡಿಸಿದಳು. ಪರಮೇಶಪ್ಪ ನನಗೆ ದೂರವಾಣಿ ಮಾಡಿ, "ಸರ, ನಿಮ್ಮ ಸೊಸಿ ನಿಮಗಿಂತ ಬಿರುಸು ಅದಾಳ್ರಿ. ಹ್ಞೂಂ ಅನ್ನೂತನಕ ಕುರ್ಚಿ ಬಿಡಲಿಲ್ಲ" ಎಂದ. ಈಗ ಏಲಕ್ಕಿ ಹಾರ ಎಂದು ಕೇಳಿದರೆ ಎರಡೂ ತಾಣಗಳಲ್ಲಿ ಮೊದಲ ಸಾಲು ನಮ್ಮದು. ನನ್ನ ಶಿಷ್ಯರು ರಾಜ್ಯಕ್ಕೆ ಮೊದಲ ಸ್ಥಾನ ಪಡೆದಾಗಲೂ ನಾನು ಎದೆ ಇಷ್ಟು ಎತ್ತಿ ಪೇಟೆಯಲ್ಲಿ ನಡೆದಿರಲಿಲ್ಲ. ಬೇಡಿಕೆ ಇನ್ನೂ ಬಂದಿಲ್ಲ, ನಿಜ. ಆದರೂ ಇಂಥ ಕೆಲಸಕ್ಕೆ ಕೀಲಿ ಹಾಕೆಂದು ಅವಳಿಗೆ ಹೇಳುವ ಬಾಯಿ ನನಗಿಲ್ಲ.

ಮೈ ಜೋಪಾನ. ನಮ್ಮಿಬ್ಬರ ಹಾರೈಕೆ ಸದಾ ನಿನ್ನ ಬೆನ್ನಿಗಿದೆ.

ನಿನ್ನ ತಂದೆ,
ರುದ್ರಮುನಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಶ್ವೇತಾ ಸೈಬರ್ ಕೇಂದ್ರದಿಂದ ಓಡಿಬಂದಳು. ಮೊದಲ ಬೇಡಿಕೆ ಬಂದಿದೆ, ಜೋಧಪುರದಿಂದ, ನಿಮ್ಮ ಕರ್ನಲ್ ಸಾಹೇಬರ ಪತ್ನಿಯವರದು. ಹೋದ ವರ್ಷ ರಜೆ ಮುಗಿಸಿ ಹೋದಾಗ ನೀನು ಸಾಹೇಬರಿಗೆ ಹಾಕಿದ ಹಾರದ ವಾಸನೆ ಅವರಿಗೆ ನೆನಪಿತ್ತು, ಹೆಸರು ನೆನಪಿರಲಿಲ್ಲ. ಪರಿಮಳದ ಮಾಲೆ ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ. ಊಹಿಸುವ ತಾಣ ಮಲ್ಲಿಗೆಯನ್ನೇ ತೋರಿಸಿತು. ಅಕ್ಷರ ನೋಡುವ ತಾಣ ನಮ್ಮ ಕೊನೆಯ ಸಾಲನ್ನು ಹಿಡಿಯಿತು. ಸಂಕ್ರಾಂತಿಯ ದಿನ ಸಾಹೇಬರ ಬೀಳ್ಕೊಡುಗೆಗೆ ಹಾರಗಳು ಅಲ್ಲಿರಬೇಕು. "ಅವರಿಗೆ ಹೇಳಬ್ಯಾಡ್ರಿ ಮಾವಾರ, ಕಣ್ಣಿಲೆ ನೋಡಲಿ" ಎಂದಿದ್ದಾಳೆ, ನನಗೆ ತಡೆಯಲಾಗಲಿಲ್ಲ. ಹಾರಕ್ಕೆ ಕಟ್ಟಿದ ಚೀಟಿಯಲ್ಲಿ ತಯಾರಕರ ಜಾಗದಲ್ಲಿ ನಿನ್ನ ಪತ್ನಿಯ ಹೆಸರು ಓದು. ಅಂಗಡಿ ಮುಚ್ಚುವ ಮಾತನ್ನು ಆಮೇಲೆ ಅವಳಿಗೇ ಬರೆ.